ನಾನೇ ಕತ್ತರಿಸಿದ ಕರೆ

ವೆಸ್ಟ್‌ಮೀಡ್, ಸಿಡ್ನಿ
ಭಾನುವಾರ, ೧೬ ನವೆಂಬರ್ ೨೦೨೫

ನನ್ನ ಚಿನ್ಮಯಿಗೆ, ಅವ್ವನ ಆಶೀರ್ವಾದ. ಅಳಿಯ ಪ್ರಮೋದನಿಗೂ, ಇನ್ನೂ ನನ್ನ ಗುರುತು ಸಿಕ್ಕದ ನಿನ್ನ ಮಗನಿಗೂ.

ನೀನು ನನ್ನ ಫೋನ್ ಎತ್ತುವುದನ್ನು ಬಿಟ್ಟು ನಾಲ್ಕು ತಿಂಗಳಾಯಿತು. ಮೆಸೇಜು ಕಳಿಸಿದರೆ ಓದಿದ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಮೊದಲ ಸಾಲಿಗೇ ಸಾರಿ ಅಂದು ಮುಗಿಸಿಬಿಡುತ್ತೇನೆ ಎಂಬ ಭಯ ನನಗೆ. ಆರನೇ ಇಯತ್ತೆಯವರೆಗೆ ಧಾರವಾಡದಲ್ಲಿ ಕಲಿತವಳು ನೀನು, ನಿಧಾನಕ್ಕಾದರೂ ಓದುತ್ತೀ. ಪ್ರಮೋದನಿಂದ ಓದಿಸಬೇಡ. ಕೂಸು ಮಲಗಿದಾಗ ಒಬ್ಬಳೇ ಓದು.

ಮೊದಲು ಸುಳ್ಳನ್ನು ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ನನಗೆ ಕೋವಿಡ್ ಬಂದಿರಲಿಲ್ಲ. ನಿನ್ನ ಗೆಳತಿ ಕೃಪಾ ನಿನಗೆ ಹೇಳಿದ್ದು ನಿಜ. ಮದರ್ಸ್ ಡೇ ದಿನ ಪ್ಯಾರಾಮಟ್ಟಾದ ಪಾರ್ಕಿನಲ್ಲಿ ಯಾವುದೋ ಪುಟ್ಟ ಹುಡುಗಿಯ ಕೈ ಹಿಡಿದು ನಿಂತಿದ್ದವಳು ನಾನೇ. ನೀನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಹಾಸಿಗೆಯಿಂದ ಏಳಲು ಒದ್ದಾಡುತ್ತಿದ್ದ ದಿನ ನಿನ್ನವ್ವ ಬೇರೆಯವರ ಮಗಳ ಜೊತೆ ಪಾರ್ಕಿನಲ್ಲಿದ್ದಳು. ಕೃಪಾ ಒಳ್ಳೆಯ ಹುಡುಗಿ, ಆಂಟಿ ಚೆನ್ನಾಗಿದ್ದಾರೆ ಅಂತ ಸಂತೋಷಕ್ಕೆ ಹೇಳಿದಳು. ಅವಳ ಮೇಲೆ ಸಿಟ್ಟಾಗಬೇಡ.

ಆ ಹುಡುಗಿಯ ಹೆಸರು ದಾನಾ, ಒಂಬತ್ತು ವರ್ಷ. ನನ್ನ ಫ್ಲ್ಯಾಟಿನ ಎದುರು ಬಾಗಿಲಿನವಳು. ಅವಳ ತಾಯಿ ನಿಸ್ರೀನ್, ಗಾಝಾದವಳು. ಅಲ್ಲಿ ಔಷಧದ ಅಂಗಡಿ ನಡೆಸುತ್ತಿದ್ದಳು. ಗಂಡ ಯುದ್ಧಕ್ಕೂ ಮೊದಲೇ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಿದ್ದ. ಕಳೆದ ವರ್ಷದ ಶುರುವಿನಲ್ಲಿ ಗಡಿಯ ಬಾಗಿಲು ಇನ್ನೂ ತೆರೆದಿದ್ದಾಗ ಮಗಳನ್ನು ಕರೆದುಕೊಂಡು ವಿಸಿಟರ್ ವೀಸಾದ ಮೇಲೆ ಇಲ್ಲಿಗೆ ಬಂದಳು. ತಂಗಿ ಲುಬ್ನಾ, ಅವಳ ಗಂಡ ಬಾಸಿಲ್, ಅಕ್ಕತಂಗಿಯರ ಮುದಿ ತಾಯಿ, ಮೂವರೂ ಹಿಂದೆಯೇ ಬರಬೇಕಿತ್ತು. ವೀಸಾ ಕೂಡ ಬಂತು. ಅದು ಫೋನಿಗೆ ಬಂದು ಹನ್ನೆರಡು ದಿನಕ್ಕೆ ಗಡಿ ಮುಚ್ಚಿತು. ಲುಬ್ನಾ ಆ ಕಾಗದವನ್ನು ಫೋನಿನಲ್ಲಿ ಇಟ್ಟುಕೊಂಡೇ ಏಳು ಸಲ ಡೇರೆ ಕಿತ್ತು ಏಳು ಸಲ ಹಾಕಿದಳು. ವೀಸಾದ ಅವಧಿ ಮುಗಿಯಿತು, ಬಾಗಿಲು ಮಾತ್ರ ತೆರೆಯಲಿಲ್ಲ.

ಇದನ್ನೆಲ್ಲ ನಿನಗೆ ಯಾಕೆ ಹೇಳಿರಲಿಲ್ಲ ಎಂದು ಕೇಳುತ್ತೀ. ಮಾರ್ಚಿನಲ್ಲಿ ಒಮ್ಮೆ ಬಾಯಿ ತೆರೆದಿದ್ದೆ. ನೀನು ಅಂದೆ, "ಅವ್ವ ಪ್ಲೀಸ್, ನ್ಯೂಸ್‌ದು ಏನೂ ಹೇಳ್ಬೇಡ. ನನಗೀಗ ಸ್ಟ್ರೆಸ್ ಆಗ್ಬಾರ್ದು." ನೀನು ಹೇಳಿದ್ದು ಸರಿಯೇ ಇತ್ತು. ಏಳು ತಿಂಗಳ ಬಸುರಿಗೆ ನಾನು ಅದನ್ನು ಹೇಳಬಾರದಿತ್ತು. ಆ ದಿನದಿಂದ ನಿನ್ನ ಜೊತೆ ಮಾತಾಡುವಾಗ ಮೆಂತ್ಯದ ಲಾಡು, ಕೂಸಿನ ಕಾರ್ ಸೀಟು, ಹೆರಿಗೆಗೆ ಎರಡು ವಾರ ಮೊದಲೇ ಬರುತ್ತೇನೆ ಎಂಬ ಮಾತು, ಇಷ್ಟೇ ಆಯಿತು. ಫೋನ್ ಇಟ್ಟು ಎದುರಿನ ಬಾಗಿಲು ತಟ್ಟುತ್ತಿದ್ದೆ. ಅಲ್ಲಿ ಇನ್ನೊಬ್ಬ ಬಸುರಿಯ ಸುದ್ದಿ ಕಾಯುತ್ತಿರುತ್ತಿತ್ತು.

ಹೌದು, ಲುಬ್ನಾಗೂ ನಿನ್ನದೇ ತಿಂಗಳು. ನಿನಗಿಂತ ನಾಲ್ಕೇ ದಿನ ಹೆಚ್ಚುಕಡಿಮೆ.

ನಾನು ಸೂಲಗಿತ್ತಿ ನರ್ಸ್ ಎಂಬುದು ನಿಸ್ರೀನ್‌ಗೆ ಗೊತ್ತಾದದ್ದು ಲಾಂಡ್ರಿ ರೂಮಿನಲ್ಲಿ. ಯೂನಿಫಾರ್ಮ್ ಒಣಹಾಕುತ್ತಿದ್ದೆ. ನಮಸ್ಕಾರವಿಲ್ಲ, ಪರಿಚಯವಿಲ್ಲ, ನನ್ನ ಹೆಸರಿನ ಬ್ಯಾಡ್ಜ್ ಓದಿಕೊಂಡು, ತಂಗಿಯ ಪಾದ ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ಊದಿದೆ, ಏನು ಮಾಡಬೇಕು ಎಂದು ಕೇಳಿದಳು. ಬಿಪಿ ನೋಡಿಸಿ ಅಂದೆ. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ನೋಡಿಸುತ್ತೇವೆ, ನೆರವಿನ ಸಂಸ್ಥೆಯ ಆರೋಗ್ಯ ಕೇಂದ್ರವೊಂದು ಡೇರೆಯಲ್ಲಿದೆ, ಅದು ಇನ್ನೂ ಅಲ್ಲೇ ಇದ್ದರೆ, ಅಂದಳು.

ಅಲ್ಲಿಂದ ಶುರುವಾಯಿತು. ಲುಬ್ನಾ ಧ್ವನಿ ಕಳಿಸುವಳು, ನಿಸ್ರೀನ್ ಇಂಗ್ಲಿಷಿಗೆ ತಿರುಗಿಸುವಳು, ನಾನು ಹೇಳಿದ್ದನ್ನು ಮತ್ತೆ ಅರಬ್ಬಿಗೆ. ಮಾರ್ಚಿನಿಂದ ಗಾಝಾದ ಒಳಗೆ ಆಹಾರದ ಒಂದು ಲಾರಿಯೂ ಹೋಗುತ್ತಿರಲಿಲ್ಲ. ಬಸುರಿಗೆ ಏನು ತಿನ್ನಿಸಬೇಕು ಎಂದು ಕೇಳಿದರೆ ನಾನು ಮೂವತ್ತು ವರ್ಷದಿಂದ ಹೇಳುತ್ತ ಬಂದ ಪಾಠ ಬಾಯಿಗೆ ಬರುತ್ತಿತ್ತು. ಸೊಪ್ಪು, ಮೊಟ್ಟೆ, ಹಾಲು. ಹೇಳಿ ನಾಲಿಗೆ ಕಚ್ಚಿಕೊಂಡೆ. ಅವರ ತಾಯಿ ಮ್ಯಾಕರೋನಿಯನ್ನು ಬೀಸಿ ಹಿಟ್ಟು ಮಾಡಿ, ಅದಕ್ಕೆ ಚನ್ನಂಗಿ ಬೇಳೆಯ ಪುಡಿ ಬೆರೆಸಿ ರೊಟ್ಟಿ ಸುಡುತ್ತಿದ್ದಳು. ತಾನು ತಿಂದೆ ಎಂದು ಹೇಳಿ ತನ್ನ ಪಾಲನ್ನು ಮಗಳಿಗೆ ಸರಿಸುತ್ತಿದ್ದಳು. ಬಾಸಿಲ್ ಗಣಿತದ ಮೇಷ್ಟ್ರು. ಶಾಲೆ ಇರಲಿಲ್ಲ, ಆದರೆ ಮುರಿದ ಮನೆಯೊಂದರ ಕದವನ್ನು ಕರಿ ಹಲಗೆ ಮಾಡಿಕೊಂಡು ಡೇರೆಗಳ ನಡುವೆ ನಲವತ್ತು ಮಕ್ಕಳಿಗೆ ಬೆಳಿಗ್ಗೆ ಎರಡು ತಾಸು ಪಾಠ ಹೇಳುತ್ತಿದ್ದ. ಆಮೇಲೆ ನೀರಿನ ಸಾಲಿಗೆ ಹೋಗುತ್ತಿದ್ದ. ಒಮ್ಮೆ ವಿಡಿಯೋದಲ್ಲಿ ನನಗೆ ಸಲಾಂ ಹೇಳಿ, ನಿಮ್ಮ ಮಗಳಿಗೆ ಎಷ್ಟು ವಾರ ಎಂದು ವಿಚಾರಿಸಿದ. ಅಲ್ಲಿ ಕೂತು ಅವನು ನಿನ್ನ ಬಗ್ಗೆ ಕೇಳಿದ, ಚಿನ್ಮಯಿ. ಮಗಳಿಗೆ ಬಾಯಿಗೆ ರುಚಿ ಇಲ್ಲ, ಮಾವಿನಕಾಯಿ ಬೇಕೆಂದಿದ್ದಾಳೆ ಎಂದು ಅವನಿಗೆ ಹೇಗೆ ಹೇಳಲಿ.

ಮೇ ಒಂದಕ್ಕೆ ಮೆಲ್ಬರ್ನಿಗೆ ನಿನ್ನ ಹತ್ತಿರ ಬರಲು ಟಿಕೆಟ್ ಇತ್ತು. ಅದನ್ನು ಹತ್ತಕ್ಕೆ ಮುಂದೂಡಿದ್ದು ವಾರ್ಡಿನಲ್ಲಿ ಜನ ಇಲ್ಲ ಎಂಬ ಕಾರಣಕ್ಕಲ್ಲ. ಲುಬ್ನಾಗೆ ತಲೆನೋವು ಶುರುವಾಗಿತ್ತು. ಬಿಪಿಯ ಮಾತ್ರೆ ಒಂದು ವಾರಕ್ಕಿತ್ತು. ಇನ್ನೊಂದು ವಾರ ಇರಿ ಎಂದು ನಿಸ್ರೀನ್ ಕೇಳಿದಳು. ಮೆಲ್ಬರ್ನಿನಿಂದಲೇ ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ತಂಗಿಯ ಧ್ವನಿ ಕೇಳಿದರೆ ನಿಸ್ರೀನ್‌ಗೆ ಇಂಗ್ಲಿಷ್ ಪದಗಳೇ ಮರೆತುಹೋಗುತ್ತಿದ್ದವು. ಪಕ್ಕದಲ್ಲಿ ಕೂತು ಅವಳ ಮೊಣಕಾಲಿನ ಮೇಲೆ ಕೈ ಇಟ್ಟರೆ ಮಾತ್ರ ಮಾತು ಹೊರಡುತ್ತಿತ್ತು. ಇನ್ನೊಂದು ಮಾತೂ ಇದೆ. ನಿನ್ನ ಮನೆಯಲ್ಲಿ ಬೆಳಗಾವಿಯಿಂದ ಬಂದ ನಿನ್ನ ಅತ್ತೆ ಅನ್ನಪೂರ್ಣವ್ವನವರು ತೊಟ್ಟಿಲಿಗೆ ಬಟ್ಟೆ ಹೊಲಿಯುತ್ತ ಕೂತಿರುವಾಗ, ಆ ಡೇರೆಯನ್ನು ಒಳಗೆ ತರಲು ನನಗೆ ಧೈರ್ಯವಾಗಲಿಲ್ಲ. ನಿನ್ನ ದಿನ ಹದಿನಾರಕ್ಕಿತ್ತು. ಎರಡೂ ಕಡೆ ಆಗುತ್ತದೆ ಎಂದು ನಂಬಿದೆ.

ಮೇ ಎಂಟು, ಗುರುವಾರ. ಅಲ್ಲಿ ಬೆಳಿಗ್ಗೆ ಏಳು, ಇಲ್ಲಿ ಮಧ್ಯಾಹ್ನ ಎರಡು. ಲುಬ್ನಾಗೆ ಬೆಳಗಿನ ಜಾವದಿಂದ ನೋವು. ಆಸ್ಪತ್ರೆ ಡೇರೆಯಿಂದ ಐದು ಕಿಲೋಮೀಟರ್, ಆ ರಸ್ತೆಯ ಮೇಲೆ ಗುಂಡಿನ ಸದ್ದು. ಬಾಸಿಲ್ ಕತ್ತೆಗಾಡಿ ಹುಡುಕಲು ಹೋದವನು ಇನ್ನೂ ಬಂದಿರಲಿಲ್ಲ. ಇಂಟರ್ನೆಟ್ ಸತ್ತುಹೋಗಿತ್ತು. ನಿಸ್ರೀನ್‌ನ ಫೋನಿನಿಂದ ನೇರ ಕರೆ ಹೋಗುತ್ತಿರಲಿಲ್ಲ, ನನ್ನದರಿಂದ ಹೋಯಿತು. ಅಲ್ಲಿ ಅವರ ತಾಯಿಯೊಬ್ಬಳೇ. ನೆರವಿನವರು ಕೊಟ್ಟ ಹೆರಿಗೆಯ ಪೊಟ್ಟಣ ಅವಳ ಹತ್ತಿರ ಇತ್ತು. ಒಂದು ಪ್ಲಾಸ್ಟಿಕ್ ಹಾಳೆ, ಸಾಬೂನು, ಕೈಗವಸು, ಬ್ಲೇಡು, ಎರಡು ದಾರ. ಆರೋಗ್ಯ ಕೇಂದ್ರದ ನರ್ಸ್ ಮೊದಲೇ ಕೊಟ್ಟಿದ್ದ, ರಕ್ತ ನಿಲ್ಲಿಸುವ ಮೂರು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಿದ್ದಳು.

ನಾನು ಹೆರಿಗೆ ಮಾಡಿಸಿದೆ ಎಂದು ನೀನು ತಿಳಿಯಬಾರದು. ಮಾಡಿಸಿದ್ದು ಆ ಮುದುಕಿ. ಐವತ್ತು ವರ್ಷ ದರ್ಜಿ ಕೆಲಸ ಮಾಡಿದ ಕೈ ಅವಳದು. ಕೈ ತೊಳೆಯಿರಿ ಅಂದೆ, ತೊಳೆದಾಗಿದೆ ಅಂದಳು. ತಲೆ ಕಂಡರೆ ಎಳೆಯಬೇಡಿ ಅಂದೆ, ನನಗೂ ಇಬ್ಬರು ಮಕ್ಕಳಾಗಿದ್ದಾರೆ ಅಂದಳು. ಎರಡು ಹದಿನೆಂಟಕ್ಕೆ ಕೂಸು ಅತ್ತಿತು. ನಿಸ್ರೀನ್ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಮುದುಕಿ ಏನೋ ಅಂದಳು, ನಿಸ್ರೀನ್ ಮುಖ ಬದಲಾಯಿತು. ರಕ್ತ ನಿಲ್ಲುತ್ತಿಲ್ಲ.

ಆಗ ಪರದೆಯ ಮೇಲೆ ನಿನ್ನ ಹೆಸರು ಬಂತು.

ಎರಡು ಇಪ್ಪತ್ತು. ನಿನ್ನ ಫೋಟೋ, ಸೀಮಂತದ ಹಸಿರು ಸೀರೆಯದು. ನಾನು ಅದನ್ನು ಕತ್ತರಿಸಿದೆ. ನೆಟ್‌ವರ್ಕ್ ಇರಲಿಲ್ಲ, ತಾನಾಗಿಯೇ ಕಟ್ಟಾಯಿತು ಅಂತ ನಿನಗೆ ಆಮೇಲೆ ಹೇಳಿದ್ದೆ. ಇಲ್ಲ, ನಾನು ಹೆಬ್ಬೆರಳಿನಿಂದ ಕೆಂಪನ್ನು ಒತ್ತಿದೆ. ಮಾತ್ರೆ ಮೂರನ್ನೂ ನಾಲಿಗೆಯಡಿ ಇಡಿ, ಕೂಸನ್ನು ಮೊಲೆಗೆ ಹಚ್ಚಿ, ಹೊಕ್ಕುಳ ಕೆಳಗೆ ಕೈಯಿಟ್ಟು ಗರ್ಭ ಗಟ್ಟಿಯಾಗುವವರೆಗೂ ಜೋರಾಗಿ ತಿಕ್ಕಿ, ಬಿಡಬೇಡಿ ಎಂದು ಹೇಳುತ್ತಿದ್ದೆ. ಎರಡು ಇಪ್ಪತ್ತಾರಕ್ಕೆ ಮತ್ತೆ ನೀನು. ಮತ್ತೆ ಒತ್ತಿದೆ. ಯಾರು ಅಂತ ನಿಸ್ರೀನ್ ಕೇಳಿದಳು. ಆಸ್ಪತ್ರೆಯವರು ಅಂದೆ. ಎರಡು ನಲವತ್ತೊಂದಕ್ಕೆ ಮೂರನೆಯದು ಬಂದಾಗ ಆ ಕಡೆಯ ಕರೆ ಕಡಿದು ಆರು ನಿಮಿಷವಾಗಿತ್ತು. ಕೇಳುತ್ತಿದ್ದೀಯಾ? ಆಗ ಲೈನ್ ಖಾಲಿ ಇತ್ತು. ನಿನ್ನ ಕರೆ ಎತ್ತಬಹುದಿತ್ತು. ಆದರೆ ಅವರು ವಾಪಸ್ ಪ್ರಯತ್ನಿಸಿದರೆ ಎಂಗೇಜ್ ಬರುತ್ತದೆ ಎಂದು ನಿನ್ನ ಕರೆ ರಿಂಗಾಗಲು ಬಿಟ್ಟು ಫೋಟೋ ನೋಡುತ್ತ ಕೂತೆ.

ಯಾಕೆ ಎಂದು ಇಷ್ಟು ತಿಂಗಳು ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳಿಗೆ ಪ್ರಮೋದನಿದ್ದಾನೆ, ಅತ್ತೆ ಇದ್ದಾರೆ, ಹತ್ತು ನಿಮಿಷಕ್ಕೆ ಆಂಬುಲೆನ್ಸ್ ಬರುತ್ತದೆ, ಇನ್ನೂ ಎಂಟು ದಿನ ಬಾಕಿ ಇದೆ, ಬಹುಶಃ ಟಿಕೆಟ್ ಕೇಳಲು ಮಾಡಿರಬೇಕು ಎಂದು ಲೆಕ್ಕ ಹಾಕಿದೆ. ಮಗಳು ತಾಯಿಗೆ ಫೋನ್ ಮಾಡುವುದು ಆಸ್ಪತ್ರೆ ಇಲ್ಲವೆಂದಲ್ಲ, ತಾಯಿ ಬೇಕೆಂದು ಎಂಬುದು ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿದ್ದ ನನಗೆ ಗೊತ್ತಿರಬೇಕಿತ್ತು. ಪ್ರಮೋದ ಡಾಕ್‌ಲ್ಯಾಂಡ್ಸಿನ ಆಫೀಸಿನಲ್ಲಿದ್ದ, ಅನ್ನಪೂರ್ಣವ್ವ ದೇವಸ್ಥಾನಕ್ಕೆ ಹೋಗಿದ್ದರು, ನೀರು ಒಡೆದು ನೀನು ಗ್ಲೆನ್ ವೇವರ್ಲಿಯ ಆ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದೆ ಎಂಬುದು ನನಗೆ ತಿಳಿದದ್ದು ನಾಲ್ಕು ಗಂಟೆ ಹತ್ತಕ್ಕೆ. ನಾನು ವಾಪಸ್ ಮಾಡಿದಾಗ ನೀನು ಕೇಳಿದ್ದು ಒಂದೇ. "ಎಲ್ಲಿದ್ದೆ ಅವ್ವ?"

ಆಪರೇಷನ್ ಥಿಯೇಟರ್‌ನಲ್ಲಿದ್ದೆ, ನೆಟ್‌ವರ್ಕ್ ಇರಲಿಲ್ಲ ಅಂದೆ.

ಆ ಸಂಜೆಯ ವಿಮಾನ ಹತ್ತಬಹುದಿತ್ತು. ಕೂಸಿನ ಎದೆಬಡಿತ ಇಳಿದಿದೆ, ಸಿಸೇರಿಯನ್ ಮಾಡುತ್ತಾರೆ ಎಂದು ಪ್ರಮೋದ ಹೇಳಿದ ಮೇಲೂ ನಾನು ಹೊರಡಲಿಲ್ಲ. ಹೊರಡಲು ಎದ್ದೆ, ಚೀಲಕ್ಕೆ ಎರಡು ಸೀರೆ ಹಾಕಿದೆ, ಬೀಗದ ಕೈ ಹಿಡಿದು ಬಾಗಿಲಿಗೂ ಬಂದೆ. ಎದುರಿನ ಬಾಗಿಲು ತೆರೆದೇ ಇತ್ತು. ನಿಸ್ರೀನ್ ಇನ್ನೂ ಅದೇ ನೆಲದ ಮೇಲೆ, ನನ್ನ ಫೋನಿಗೆ ಕರೆ ಬರಲಿ ಎಂದು ನನ್ನ ಕೈಯನ್ನೇ ನೋಡುತ್ತ ಕೂತಿದ್ದಳು. ಆ ಕರೆ ಬರುವುದಿದ್ದರೆ ನನ್ನ ನಂಬರಿಗೇ ಬರಬೇಕು. ವಿಮಾನದಲ್ಲಿ ಒಂದೂವರೆ ತಾಸು ಫೋನ್ ಸತ್ತಿರುತ್ತದೆ. ಚೀಲವನ್ನು ಬಾಗಿಲ ಬಳಿಯೇ ಇಟ್ಟು ಒಳಗೆ ಹೋದೆ. ನಿನಗೆ ಗಂಡುಮಗು ಎಂಬ ಸುದ್ದಿ ನನಗೆ ಆ ಅಡುಗೆಮನೆಯಲ್ಲಿ ಬಂತು. ನಿಸ್ರೀನ್‌ಗೆ ಹೇಳಲಿಲ್ಲ. ಸಕ್ಕರೆ ಕೇಳಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ, ಅಷ್ಟೇ.

ಹತ್ತೊಂಬತ್ತು ತಾಸು. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಬಾಸಿಲ್‌ನಿಂದ ಎರಡು ಶಬ್ದದ ಮೆಸೇಜು ಬಂತು. ಇಬ್ಬರೂ ಬದುಕಿದ್ದಾರೆ.

ಆಮೇಲೆ ತಿಳಿಯಿತು. ಗಾಡಿ ಸಿಗದೆ ಅವನು ಇನ್ನೊಂದು ಶಿಬಿರದವರೆಗೆ ಓಡಿ, ಅಲ್ಲಿದ್ದ ಸೂಲಗಿತ್ತಿಯನ್ನು ಕರೆದುಕೊಂಡು ನಡೆದು ಬಂದಿದ್ದ. ಆಕೆಯ ಚೀಲದಲ್ಲಿ ಒಂದೇ ಒಂದು ಸಲೈನ್ ಬಾಟಲಿ ಇತ್ತು, ಅದನ್ನು ಲುಬ್ನಾಗೆ ಹಾಕಿದಳು. ಆಕೆ ಬರುವವರೆಗೆ ಆ ಮುದುಕಿ ಮಗಳ ಹೊಟ್ಟೆ ತಿಕ್ಕುತ್ತಲೇ ಇದ್ದಳಂತೆ, ಎರಡು ತಾಸು. ಬಿಡಬೇಡಿ ಎಂದು ನಾನು ಹೇಳಿದ್ದೆ. ಯಾವಾಗ ಬಿಡಬೇಕು ಎಂದು ಹೇಳುವ ಮೊದಲೇ ಲೈನ್ ಕಡಿದಿತ್ತು. ಮಗಳು ನೋವಿಗೆ ಚೀರಿ ಕೈ ತಳ್ಳಿದರೂ, ರಕ್ತ ಕಡಿಮೆಯಾದರೂ ಅವಳು ಬಿಡಲಿಲ್ಲ. ಸೂಲಗಿತ್ತಿ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳಂತೆ. ಕೂಸು ಹೆಣ್ಣು, ಜೂದ್ ಎಂದು ಹೆಸರು. ಧಾರಾಳ ಎಂದರ್ಥ.

ಆ ಬೆಳಿಗ್ಗೆಯೇ ನಾನು ನಿನಗೆ ನಿಜ ಹೇಳಿ ಓಡಿಬರಬೇಕಿತ್ತು. ಆದರೆ ಪ್ರಮೋದ ಫೋನಿನಲ್ಲಿ, ಅವಳು ನಿಮ್ಮ ಮೇಲೆ ಬಹಳ ಅಪ್‌ಸೆಟ್ ಆಗಿದಾಳೆ, ಏನು ಹೇಳಲಿ ಎಂದು ಕೇಳಿದಾಗ, ಯಾರೂ ಬೈಯಲಾಗದ ಕಾರಣವೊಂದು ಬಾಯಿಗೆ ಬಂತು. ಕೋವಿಡ್ ಪಾಸಿಟಿವ್ ಅಂದೆ. ಹೇಳಿದ ಗಳಿಗೆಗೇ ಗೊತ್ತಾಯಿತು, ಇನ್ನು ಒಂದು ವಾರ ನಾನು ಹಸುಗೂಸಿನ ಮನೆಗೆ ಕಾಲಿಡುವಂತಿಲ್ಲ. ಕಾಲು ಗಟ್ಟಿಯಿತ್ತು, ಟಿಕೆಟ್ ಸಿಗುತ್ತಿತ್ತು, ನಿನ್ನ ಮೊಲೆಹಾಲು ಇಳಿಯುತ್ತಿಲ್ಲ ಎಂದು ಅನ್ನಪೂರ್ಣವ್ವ ಫೋನಿನಲ್ಲಿ ಹೇಳುತ್ತಿದ್ದರು. ನಾನು ನನ್ನದೇ ಮಾತಿನೊಳಗೆ ಬೀಗ ಹಾಕಿಕೊಂಡು ಕೂತಿದ್ದೆ. ಆ ಭಾನುವಾರ ಪ್ಯಾಲೆಸ್ತೀನಿ ಹೆಂಗಸರು ಔಷಧಿಗೆ ಹಣ ಕೂಡಿಸಲು ಪಾರ್ಕಿನಲ್ಲಿ ಖರ್ಜೂರದ ಬಿಸ್ಕತ್ತು ಮಾರುವವರಿದ್ದರು. ಮನೆಯಲ್ಲಿ ಕೂರಲಾರದೆ ನಾನೂ ಹೋದೆ. ದಾನಾ ನನ್ನ ಕೈ ಹಿಡಿದುಕೊಂಡಳು. ಕೃಪಾ ನೋಡಿದ್ದು ಅದನ್ನೇ.

ಹದಿನೇಳಕ್ಕೆ ಬಂದಾಗ ನೀನು ಕೂಸನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದೆ. ಎರೆಯುವುದು, ಹೊಗೆ ಹಾಕುವುದು, ಎಲ್ಲ ಅನ್ನಪೂರ್ಣವ್ವನವರ ಕೈಯಲ್ಲಿ ಸಲೀಸಾಗಿ ನಡೆಯುತ್ತಿತ್ತು. ಅಡುಗೆಮನೆಯಲ್ಲಿ ಅವರು ನನಗೆ ಮೆಲ್ಲಗೆ ಅಂದರು, "ಇಕಿ ದಿನಾ ನಿಮ್ಮನ್ನ ನೆನಸ್ಕೊಂಡು ಅಳತಾಳ್ರಿ. ನಾ ಎಷ್ಟ ಮಾಡಿದ್ರೂ ನಾ ಅತ್ತೀನ, ಅವ್ವ ಅಲ್ರಿ." ಅಷ್ಟು ಕೇಳಿದ ಮೇಲೂ ನಾನು ನಿನ್ನ ಹತ್ತಿರ ಬಂದು ಹೇಳಲಿಲ್ಲ. ನಾಲ್ಕನೇ ದಿನ ಸಿಡ್ನಿಗೆ ವಾಪಸ್ ಬಂದೆ. ಜುಲೈನಲ್ಲಿ ಕೃಪಾ ಹೇಳಿದ ಮೇಲೆ ನೀನು ಬಾಗಿಲು ಹಾಕಿಕೊಂಡೆ. ಸರಿಯಾಗಿಯೇ ಮಾಡಿದೆ.

ಜುಲೈನಲ್ಲೇ ಹೇಳಿಬಿಡಬಹುದಿತ್ತು. ಆದರೆ ಅದೇ ತಿಂಗಳು ಇನ್ನೊಂದು ಆಯಿತು.

ಒಂದು ಮಧ್ಯಾಹ್ನ ನನ್ನ ಫೋನಿಗೆ ಲುಬ್ನಾಳ ಧ್ವನಿ ಬಂತು, ಅರಬ್ಬಿಯಲ್ಲಲ್ಲ, ತಡವರಿಸುವ ಇಂಗ್ಲಿಷಿನಲ್ಲಿ. ನಿಸ್ರೀನ್‌ಗೆ ಬೇಡ, ನನಗೊಬ್ಬಳಿಗೇ. ಹದಿನೆಂಟು ದಿನದ ಹಿಂದೆ ಬಾಸಿಲ್ ಹಿಟ್ಟು ಹಂಚುವ ಜಾಗಕ್ಕೆ ಹೋಗಿದ್ದ. ಸಾವಿರಾರು ಜನ, ಗುಂಡು ಹಾರಿತು. ಅವನ ಪಕ್ಕದಲ್ಲಿದ್ದ ಡೇರೆಯವನು ಅವನ ಹೆಣವನ್ನು ಹೊತ್ತು ತಂದ. ಹಿಟ್ಟಿನ ಚೀಲ ಸಿಕ್ಕಿರಲಿಲ್ಲ. ಹಿಂದೆ ಕೂಸಿನ ಸದ್ದು ಕೇಳುತ್ತಿತ್ತು. ಆಮೇಲೆ ಅಂದಳು, "ಅಕ್ಕನಿಗೆ ಹೇಳಬೇಡಿ. ಇಲ್ಲಿ ನಾನು, ಅಮ್ಮ, ಜೂದ್, ಮೂವರೂ ಒಂದೇ ಹೊದಿಕೆಯಡಿ ಮಲಗುತ್ತೇವೆ. ಅವಳು ಅಲ್ಲಿ ಸಣ್ಣ ಮಗಳ ಜೊತೆ ಒಬ್ಬಳೇ. ತಾಳಲಾರಳು."

ಡೇರೆಯಲ್ಲಿರುವವಳು ವೆಸ್ಟ್‌ಮೀಡಿನ ಫ್ಲ್ಯಾಟಿನಲ್ಲಿರುವವಳಿಗಾಗಿ ಹೆದರುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ನಿಸ್ರೀನ್ ಅಕ್ಟೋಬರಿನ ಕದನ ವಿರಾಮದವರೆಗೂ ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿಲ್ಲ. ಇಲ್ಲಿ ಔಷಧದ ಕೆಲಸ ಮಾಡಲು ಅವಳ ಪದವಿ ನಡೆಯುವುದಿಲ್ಲ. ಬ್ರಿಡ್ಜಿಂಗ್ ವೀಸಾ ಎಂಬ ತಾತ್ಕಾಲಿಕ ಅನುಮತಿಯ ಮೇಲೆ ಯಾವುದಕ್ಕೂ ಹೌದಿಲ್ಲ, ಇಲ್ಲವಿಲ್ಲ. ಮಗಳನ್ನು ಶಾಲೆಗೆ ಬಿಟ್ಟು ಬಂದು ಕಿಟಕಿಯ ಬಳಿ ಸಿಗ್ನಲ್ ಚೆನ್ನಾಗಿ ಬರುವ ಒಂದೇ ಕುರ್ಚಿಯಲ್ಲಿ ಸಂಜೆಯವರೆಗೆ ಕೂರುತ್ತಾಳೆ. ಹಾಲಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದಾಳೆ, ಬಾಗಿಲು ತೆರೆದ ದಿನ ಕಳಿಸಲು. ಅದರಲ್ಲಿ ಜೂದ್‌ಗೆ ಬೂಟು, ತಾಯಿಗೆ ಕನ್ನಡಕ, ತಂಗಿಗೆ ಸ್ವೆಟರ್. ಆಗಸ್ಟಿನಲ್ಲಿ ಬಾಸಿಲ್‌ಗೆ ಒಂದು ಅಂಗಿ ತಂದಳು. ತೆಳ್ಳಗಾಗಿರುತ್ತಾನೆ, ಮೀಡಿಯಂ ಸಾಕಲ್ಲವೇ ಎಂದು ನನ್ನನ್ನು ಕೇಳಿದಳು. ಸಾಕು ಅಂದೆ.

ಚಿನ್ಮಯಿ, ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಹೇಳುವುದು ನನ್ನ ಕೆಲಸದ ಭಾಗ. ಕುರ್ಚಿ ಎಳೆದು ಕೂರಿಸಿ, ಕಣ್ಣಿನಲ್ಲಿ ಕಣ್ಣಿಟ್ಟು ಹೇಳಬೇಕು ಎಂದು ಹೊಸ ಹುಡುಗಿಯರಿಗೆ ಕಲಿಸುತ್ತೇನೆ. ನಾಲ್ಕು ತಿಂಗಳಿಂದ ನಾನು ಆ ಕುರ್ಚಿ ಎಳೆದಿಲ್ಲ. ಹೇಳಿದರೆ ಲುಬ್ನಾಗೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಪ್ರತಿ ಭಾನುವಾರ ಸಂಜೆ ನಿಸ್ರೀನ್ ಪಕ್ಕದಲ್ಲಿ ಕೂತು ಅವಳನ್ನು ಮೋಸಮಾಡುತ್ತೇನೆ. ವಿಡಿಯೋದಲ್ಲಿ ನಿಸ್ರೀನ್ ಕೇಳುತ್ತಾಳೆ, ಬಾಸಿಲ್ ಎಲ್ಲಿ. ನೀರಿನ ಸಾಲಿನಲ್ಲಿದ್ದಾನೆ ಎಂದು ಲುಬ್ನಾ ಹೇಳುತ್ತಾಳೆ, ಇಲ್ಲವೇ ಮಕ್ಕಳಿಗೆ ಪಾಠ ಮಾಡುತ್ತಿದ್ದಾನೆ. ಹೇಳಿ ಒಂದು ಕ್ಷಣ ನನ್ನ ಕಡೆ ನೋಡುತ್ತಾಳೆ. ನಾನು ಕೂಸಿನ ತೂಕ ಕೇಳುತ್ತೇನೆ.

ಈಗ ಲಾರಿಗಳು ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತಿವೆ. ಡೇರೆಯ ಕೇಂದ್ರದಲ್ಲಿ ಜೂದ್‌ನ ತೋಳಿಗೆ, ಕೂಸು ಎಷ್ಟು ಸೊರಗಿದೆ ಎಂದು ತೋರಿಸುವ ಬಣ್ಣದ ಪಟ್ಟಿ ಸುತ್ತಿ ನೋಡುತ್ತಾರೆ. ಸೆಪ್ಟೆಂಬರಿನಲ್ಲಿ ಕೆಂಪಿಗೆ ಬಂದಿತ್ತು, ಹೋದ ವಾರ ಹಳದಿ. ಆರು ತಿಂಗಳಿಗೆ ಐದು ಕಿಲೋ ಒಂದು ನೂರು ಗ್ರಾಂ. ಶೇಂಗಾದ ಪೇಸ್ಟಿನ ಪೊಟ್ಟಣ ದಿನಕ್ಕಿಷ್ಟು ಎಂದು ಕೊಡುತ್ತಾರೆ. ಲುಬ್ನಾ ಈಗ ಗಂಡನ ಕದದ ಮುಂದೆ ಕೂತು ಆ ಮಕ್ಕಳಿಗೆ ಕೂಡಿಸುವುದು ಕಳೆಯುವುದು ಹೇಳಿಕೊಡುತ್ತಾಳೆ. ಅವಳಿಗೆ ಮಗ್ಗಿ ಹನ್ನೆರಡರವರೆಗೇ ಬರುವುದಂತೆ, ಮುಂದಿನದನ್ನು ದೊಡ್ಡ ಹುಡುಗಿಯರಿಂದ ಕಲಿಯುತ್ತಿದ್ದಾಳೆ. ನಿನ್ನ ಮಗನ ತೂಕವನ್ನು ನಾನು ಪ್ರಮೋದನಿಂದ ಕದ್ದು ಕೇಳಿಕೊಳ್ಳುತ್ತೇನೆ. ಎಂಟು ಕಿಲೋ. ಕೇಳಿದಾಗ ಹಿಗ್ಗುತ್ತೇನೆ, ಹಿಗ್ಗಿದ್ದಕ್ಕೆ ನಾಚುತ್ತೇನೆ, ನಾಚಿದ್ದಕ್ಕೆ ನನ್ನ ಮೊಮ್ಮಗನಿಗೆ ಅನ್ಯಾಯ ಮಾಡಿದೆ ಎನಿಸುತ್ತದೆ. ಇದರಿಂದ ಹೊರಗೆ ಬರುವ ದಾರಿ ನನಗೆ ಕಾಣುವುದಿಲ್ಲ.

ಮೂವತ್ತನೇ ತಾರೀಖು ಕೂಸಿಗೆ ಅನ್ನ ತಿನ್ನಿಸುವ ಕಾರ್ಯಕ್ರಮ ಎಂದು ಪ್ರಮೋದ ಕರೆದ. ನೀನು ಕರೆದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಬರಲೇ? ಬೇಡ ಎಂದರೆ ಬರುವುದಿಲ್ಲ. ಆದರೆ ಸುಮ್ಮನೆ ಇರಬೇಡ, ಬೇಡ ಎಂದಾದರೂ ಅನ್ನು.

ಬಂದರೆ ಒಂದು ಮಾತು ಮೊದಲೇ ಹೇಳಿರುತ್ತೇನೆ, ಇನ್ನು ಮುಚ್ಚಿಡುವುದು ಬೇಡ. ಅವತ್ತೂ ಭಾನುವಾರ. ಸಂಜೆ ಆರಕ್ಕೆ ಗಾಝಾದ ಕರೆ ಬರುತ್ತದೆ. ನಿನ್ನ ಮನೆಯಲ್ಲಿ ಅರ್ಧ ತಾಸು ಬಾಗಿಲು ಹಾಕಿಕೊಳ್ಳಲು ನನಗೊಂದು ಕೋಣೆ ಬೇಕಾಗುತ್ತದೆ. ಇಷ್ಟೆಲ್ಲ ಆದಮೇಲೂ ಇದನ್ನು ಕೇಳುತ್ತಾಳಲ್ಲ ಎಂದು ಸಿಟ್ಟು ಬಂದರೆ ಬರಲಿ. ಮೇ ಎಂಟು ಮತ್ತೊಮ್ಮೆ ಬಂದರೆ ನಿನ್ನ ಕರೆ ಎತ್ತುತ್ತೇನೆ ಎಂದು ಬರೆದರೆ ನಿನಗೆ ಸಮಾಧಾನವಾದೀತು. ಬರೆಯಲು ಹೋದೆ, ಕೈ ಬರಲಿಲ್ಲ. ನೀನು ಒಬ್ಬಳೇ ಇದ್ದೆ ಎಂದು ಗೊತ್ತಿದ್ದರೆ ಏನು ಮಾಡುತ್ತಿದ್ದೆನೋ, ನಿಜವಾಗಿ ನನಗೆ ಗೊತ್ತಿಲ್ಲ. ನಿನ್ನನ್ನು ಕಡಿಮೆ ಪ್ರೀತಿಸಿದ್ದಕ್ಕೆ ಹಾಗಾಗಲಿಲ್ಲ ಎಂಬುದೊಂದೇ ಗೊತ್ತು. ನಿಮ್ಮಪ್ಪ ಇದ್ದಿದ್ದರೆ ಇದನ್ನು ನನಗಿಂತ ಚೆನ್ನಾಗಿ ನಿನಗೆ ತಿಳಿಸಿ ಹೇಳುತ್ತಿದ್ದರು.

ಹೊಲಿಗೆ ಇನ್ನೂ ಎಳೆಯುತ್ತಿದ್ದರೆ ಭಾರ ಎತ್ತಬೇಡ. ಕೂಸಿಗೆ ಮೊದಲ ಅನ್ನ ಮೆತ್ತಗೆ ಬೇಯಿಸು, ಉಪ್ಪು ಹಾಕಬೇಡ.

ನಿನ್ನ
ಅವ್ವ ಭಾಗೀರಥಿ

ತಾ.ಕ. ಸೋಮವಾರ ಸಂಜೆ ಬರೆಯುತ್ತಿದ್ದೇನೆ. ಬೆಳಿಗ್ಗೆ ಈ ಕಾಗದ ಹಾಕಲು ಅಂಚೆಗೆ ಹೊರಟಾಗ ನಿಸ್ರೀನ್ ಜೊತೆಗೆ ಬಂದಳು. ದಾರಿಯಲ್ಲಿ ನನಗೆ ಇನ್ನು ಮುಚ್ಚಿಡಲು ಆಗಲಿಲ್ಲ, ಕಾಗದ ಚೀಲದಲ್ಲೇ ಉಳಿಯಿತು. ಸ್ಟೇಷನ್ನಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಬಾಸಿಲ್ ವಿಷಯ ಒಂದು ಮಾತಿದೆ ಎಂದು ಶುರುಮಾಡಿದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಅವಳಿಗೆ ಜುಲೈನಿಂದಲೂ ಗೊತ್ತಂತೆ. ಸತ್ತವರ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲ ನೋಡಿದ್ದಾಳೆ, ಅಂಗಿ ತರುವುದಕ್ಕೂ ಮೊದಲೇ. ಮತ್ತೆ ಅಂಗಿ ಯಾಕೆ ತಂದೆ ಎಂದು ಕೇಳಿದೆ. ನನಗೆ ಗೊತ್ತಿಲ್ಲ ಎಂದು ಲುಬ್ನಾ ನಂಬಿರಬೇಕಲ್ಲ, ಅಂಗಿ ತಂದೆ ಎಂದು ಅವಳಿಗೆ ಹೇಳಬೇಕಿತ್ತು, ಅಂದಳು. "ಅವಳ ಹತ್ತಿರ ಕೊಡಲು ಬೇರೆ ಏನೂ ಉಳಿದಿಲ್ಲ. ನನ್ನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ದಿನಾ ಎದ್ದು ನಿಲ್ಲುತ್ತಾಳೆ. ಅದನ್ನು ಕಿತ್ತುಕೊಳ್ಳಬೇಡಿ. ನನಗೆ ಗೊತ್ತು ಅಂತ ಅವಳಿಗೆ ಹೇಳಬೇಡಿ." ನಾನು ಮಾತು ಕೊಟ್ಟೆ. ಈಗ ಇಬ್ಬರ ಗುಟ್ಟೂ ನನ್ನ ಹತ್ತಿರ ಇದೆ. ಭಾನುವಾರ ಆರಕ್ಕೆ ನಿಸ್ರೀನ್ ಮತ್ತೆ ಕೇಳುತ್ತಾಳೆ, ಲುಬ್ನಾ ಮತ್ತೆ ನೀರಿನ ಸಾಲು ಎನ್ನುತ್ತಾಳೆ, ನಾನು ಇಬ್ಬರ ನಡುವೆ ಕೂತಿರುತ್ತೇನೆ. ಇದನ್ನು ಬಲ್ಲವಳು ಈಗ ನೀನೊಬ್ಬಳೇ.